ಧ್ರುವದ ಕೆಸರು ಫ್ರಿಜ್ ಅಲ್ಲ

(ಕಲಬುರಗಿಯ ಕಾಲೇಜೊಂದರಲ್ಲಿ ವಿದ್ಯಾರ್ಥಿಗಳು ಮತ್ತು ಊರವರ ಮುಂದೆ ಮಾಡಿದ ಭಾಷಣ. ರೆಕಾರ್ಡಿಂಗ್ ಕೇಳಿ ಬರೆದು, ಅಲ್ಲಲ್ಲಿ ತಿದ್ದಿದ್ದೇನೆ.)

ಮೊದಲು ನಿಮ್ಮ ಕಾಲ ಕೆಳಗೆ ನೋಡಿ. ಈ ಹಾಲ್‌ನ ನೆಲ ಶಹಾಬಾದಿ ಫರಸಿಯದ್ದು. ನಿಮ್ಮಲ್ಲಿ ಬಹಳ ಜನರ ಮನೆಯ ನೆಲವೂ ಇದೇ. ಟೈಲ್ಸ್ ಹಾಕಿಸಿದವರ ಹಿತ್ತಲಲ್ಲೂ ಬಟ್ಟೆ ಒಗೆಯಲು ಇದರದ್ದೇ ಒಂದು ಬಂಡೆ ಇರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ನೆಲಕ್ಕೆ ನೀರು ಚಿಮುಕಿಸಿ, ಇದರ ಮೇಲೆ ಬೆನ್ನು ಹಚ್ಚಿ ಮಲಗುವ ಸುಖ ಟೈಲ್ಸ್‌ನವರಿಗೆ ಗೊತ್ತಿಲ್ಲ ಬಿಡಿ.

ಈ ಕಲ್ಲು ಒಂದು ಕಾಲಕ್ಕೆ ಸಮುದ್ರದ ತಳದ ಕೆಸರಾಗಿತ್ತು. ಇದು ಸುಣ್ಣದಕಲ್ಲು, ಭೀಮಾ ಶಿಲಾಗುಂಪಿಗೆ ಸೇರಿದ್ದು. ಮೀನಿಲ್ಲದ, ಶಂಖವಿಲ್ಲದ ಕಾಲದ ಸಮುದ್ರ ಅದು. ಶುದ್ಧ ಸುಣ್ಣದಕಲ್ಲು ನೂರು ಕಿಲೋ ತೆಗೆದುಕೊಂಡರೆ ಅದರಲ್ಲಿ 44 ಕಿಲೋ ಕಾರ್ಬನ್ ಡೈಆಕ್ಸೈಡ್ ಸಿಕ್ಕಿಕೊಂಡಿರುತ್ತದೆ. ಸೇಡಂ, ವಾಡಿ ಕಡೆ ಸಿಮೆಂಟ್ ಭಟ್ಟಿಯಲ್ಲಿ ಇದೇ ಕಲ್ಲನ್ನು ಸುಟ್ಟಾಗ ಅದು ಮತ್ತೆ ಗಾಳಿಗೆ ಬರುತ್ತದೆ. ಭಟ್ಟಿಗೆ ಹಾಕಿದ ಕಲ್ಲಿದ್ದಲಿನ ಹೊಗೆ ಬೇರೆ, ಇದು ಕಲ್ಲಿನ ಒಳಗಿಂದಲೇ ಬಂದದ್ದು.

ನನ್ನ ಅಪ್ಪ ಫರಸಿ ಖಣಿಯಲ್ಲಿ ಕಲ್ಲು ಎಬ್ಬಿಸುತ್ತಿದ್ದರು. ಸುತ್ತಿಗೆಯ ಸದ್ದು ಕೇಳಿಯೇ ಪದರ ಎಲ್ಲಿ ಬಿಡುತ್ತದೆ ಅಂತ ಹೇಳುತ್ತಿದ್ದರು. ಪದರ ಯಾಕೆ ಇದೆ ಅಂತ ನಾನು ಒಮ್ಮೆ ಕೇಳಿದೆ. "ದೇವರು ರೊಟ್ಟಿ ಬಡಿದು ಒಂದರ ಮೇಲೊಂದು ಇಟ್ಟಾನ" ಅಂದರು. ನಾನು ಮುಂದೆ ಓದಿದ್ದು, ಸಂಬಳ ತೆಗೆದುಕೊಂಡಿದ್ದು ಎಲ್ಲ ಈ ರೊಟ್ಟಿಯ ಲೆಕ್ಕದಲ್ಲೇ. ಗೋವಾದ ಲ್ಯಾಬ್ ಒಂದರಲ್ಲಿ ಕೆಲವು ವರ್ಷ ಸಮುದ್ರದ ಕೆಸರನ್ನು ಕತ್ತರಿಸಿ, ಹಿಂಡಿ, ಸುಟ್ಟು ಅಳೆಯುವ ಕೆಲಸ ಮಾಡಿದೆ. ಒಂದು ಬೇಸಿಗೆ ಸ್ವಾಲ್ಬಾರ್ಡ್‌ಗೂ ಹೋಗಿ ಬಂದೆ. ಅದು ಉತ್ತರ ಧ್ರುವದ ಹತ್ತಿರ ನಾರ್ವೆ ದೇಶಕ್ಕೆ ಸೇರಿದ ದ್ವೀಪಗಳ ಗುಂಪು.

ಕಲ್ಲಿನ ಮಾತಿಂದ ಶುರು ಮಾಡಿದೆನಾದರೂ ಇವತ್ತು ಹೇಳೋದು ಇನ್ನೊಂದು ಬಗೆಯ ಇಂಗಾಲದ ಬಗ್ಗೆ. ಜೀವಿಗಳ ಮೈಯಲ್ಲಿದ್ದು, ಸತ್ತ ಮೇಲೆ ಸಮುದ್ರದ ತಳಕ್ಕೆ ಬೀಳುವ ಇಂಗಾಲ. ಅದರ ಜೊತೆಗೆ ಬೀಳುವ ಸಾರಜನಕ, ರಂಜಕ. ರೈತರ ಭಾಷೆಯಲ್ಲಿ ಯೂರಿಯಾ, ಡಿಎಪಿ ಅಂದುಕೊಳ್ಳಿ.

ಧ್ರುವದ ಕೆಸರು ಅಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ. "ಸರ್, ಅಷ್ಟು ಥಂಡಿಯಲ್ಲಿ ಏನು ಕೊಳೆಯುತ್ತೆ? ಫ್ರಿಜ್‌ನಲ್ಲಿ ಇಟ್ಟ ಹಾಗೆ ಎಲ್ಲ ಹಾಗೇ ಇರುತ್ತೆ ಅಲ್ವಾ?" ಇಲ್ಲ. ಯಾಕೆ ಇಲ್ಲ ಅನ್ನೋದೇ ನನ್ನ ಭಾಷಣ. ಉಳಿದದ್ದೆಲ್ಲ ಅದರ ಸುತ್ತಮುತ್ತ.

ಸಮುದ್ರದ ತಳ ಮುಟ್ಟುವುದೇ ಒಂದು ಸಾಹಸ. 1893ರಲ್ಲಿ ನಾರ್ವೆಯ ಫ್ರಿಟ್‌ಯೋಫ್ ನಾನ್ಸೆನ್ ಫ್ರಾಮ್ ಎಂಬ ಹಡಗು ತೆಗೆದುಕೊಂಡು ಹೊರಟ. ಬೇಕಂತಲೇ ಅದನ್ನು ಹಿಮದಲ್ಲಿ ಸಿಕ್ಕಿಸಿ, ಹಿಮ ಎತ್ತ ಒಯ್ಯುತ್ತದೋ ಅತ್ತ ತೇಲಿದ. ಉತ್ತರ ಧ್ರುವದ ಸುತ್ತಲಿನ ಆರ್ಕ್ಟಿಕ್ ಸಮುದ್ರ ಅಷ್ಟೇನೂ ಆಳ ಇರಲಿಕ್ಕಿಲ್ಲ ಎಂಬ ಅಂದಾಜಿನಲ್ಲೇ ಹೋಗಿದ್ದ. ಆಳ ಅಳೆಯಲು ಹಗ್ಗ ಬಿಟ್ಟರೆ ತಳ ಸಿಗಲಿಲ್ಲ, ಹಗ್ಗ ಮುಗಿಯಿತು. ನಮ್ಮ ಕಡೆ ಸೇದುವ ಬಾವಿಗೆ ಹಗ್ಗ ಸಾಲದಿದ್ದರೆ ಹಳೆ ಸೀರೆ ಜೋಡಿಸುತ್ತಾರಲ್ಲ, ಹಾಗೇ ಅವರು ಹಡಗಿನ ಉಕ್ಕಿನ ಕೇಬಲ್ ಬಿಚ್ಚಿದರು. ಅದರ ಎಳೆಗಳನ್ನು ಒಂದಕ್ಕೊಂದು ಸೇರಿಸಿ ಉದ್ದ ಮಾಡಿದರು. ಕೊನೆಗೆ ತಳ ಸಿಕ್ಕಿದ್ದು 3000 ಮೀಟರ್‌ಗಿಂತ ಕೆಳಗೆ.

ಅದು ನಡುಭಾಗದ ಮಾತು. ಆರ್ಕ್ಟಿಕ್ ಸಮುದ್ರದ ಸುಮಾರು ಅರ್ಧ ಭಾಗ ಆಳವಿಲ್ಲದ ಅಂಚು. ನಾರ್ವೆ, ರಷ್ಯಾದ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರದ ಸರಾಸರಿ ಆಳ 230 ಮೀಟರ್. ಅಲಾಸ್ಕಾ ಮತ್ತು ರಷ್ಯಾದ ನಡುವಿನ ಚುಕ್ಚಿ ಸಮುದ್ರ ಸುಮಾರು 50 ಮೀಟರ್ ಅಷ್ಟೇ. ಇದನ್ನು ನೆನಪಿಡಿ. ಆಳ ಕಡಿಮೆ ಇದ್ದಲ್ಲಿ ಮೇಲಿಂದ ಬೀಳುವ ಊಟ ದಾರಿಯಲ್ಲಿ ಖರ್ಚಾಗದೆ ತಳ ಮುಟ್ಟುತ್ತದೆ.

ಯಾವ ಊಟ? ಪಾಚಿ. ಸ್ವಾಲ್ಬಾರ್ಡ್‌ನ ನೀ-ಓಲೆಸುಂಡ್ ಎಂಬ ಊರು 79 ಡಿಗ್ರಿ ಉತ್ತರದಲ್ಲಿದೆ. ನಮ್ಮ ದೇಶದ ಹಿಮಾದ್ರಿ ಸಂಶೋಧನಾ ಕೇಂದ್ರ 2008ರಿಂದ ಅಲ್ಲಿದೆ. ಅಲ್ಲಿ ನಾಲ್ಕು ತಿಂಗಳು ಸೂರ್ಯ ಮುಳುಗುವುದಿಲ್ಲ, ಸುಮಾರು ಅಷ್ಟೇ ತಿಂಗಳು ಹುಟ್ಟುವುದೂ ಇಲ್ಲ. ಬೆಳಕು ಬಂದ ಕೂಡಲೇ ಡಯಾಟಮ್ ಎಂಬ ಸೂಕ್ಷ್ಮ ಪಾಚಿಗಳು ಒಂದೇ ಸಲ ಬೆಳೆದುಬಿಡುತ್ತವೆ. ನಮ್ಮಲ್ಲಿ ಮೊದಲ ಮಳೆ ಬಿದ್ದ ವಾರಕ್ಕೆ ಹೊಲದ ಬದು ಹಸಿರಾಗುವ ಹಾಗೆ. ಡಯಾಟಮ್‌ಗಳ ಚಿಪ್ಪು ಗಾಜಿನದ್ದು, ಅಂದರೆ ಸಿಲಿಕಾ. ಕೆಲವು ಪಾಚಿ ನೀರಲ್ಲಿ ಬೆಳೆದರೆ ಇನ್ನು ಕೆಲವು ಹಿಮದ ಅಡಿಯಲ್ಲೇ ಜೋತುಬಿದ್ದು ಬೆಳೆಯುತ್ತವೆ.

2012ರಲ್ಲಿ ಆರ್ಕ್ಟಿಕ್‌ನ ಬೇಸಿಗೆ ಹಿಮ ಅದುವರೆಗೆ ಕಂಡಿರದಷ್ಟು ಕರಗಿತು. ಸೆಪ್ಟೆಂಬರ್‌ನಲ್ಲಿ ಉಳಿದದ್ದು ಸುಮಾರು 34 ಲಕ್ಷ ಚದರ ಕಿಲೋಮೀಟರ್. ಅದೇ ಬೇಸಿಗೆ ಜರ್ಮನಿಯ ಪೋಲಾರ್‌ಸ್ಟರ್ನ್ ಹಡಗು ಆ ಹಿಮದ ನಡುವೆ ಇತ್ತು. ಅವರು ಸುಮಾರು 4000 ಮೀಟರ್ ಆಳಕ್ಕೆ ಕ್ಯಾಮೆರಾ ಇಳಿಸಿದರು. ಬರೀ ಮಣ್ಣು ಕಾಣಬೇಕಿದ್ದ ತಳದ ತುಂಬ ಪಾಚಿಯ ಗುಡ್ಡೆ! ಮೆಲೊಸಿರಾ ಎಂಬ ಹಿಮದ ಪಾಚಿ, ಹಿಮ ಕರಗಿದ್ದರಿಂದ ಕಳಚಿ ನೇರ ಕೆಳಗೆ ಬಿದ್ದಿತ್ತು. ಸಮುದ್ರ ಸೌತೆ ಅಂತ ಕರೆಯುವ ಪ್ರಾಣಿಗಳು ಅದನ್ನು ತಿನ್ನುತ್ತಿದ್ದವು. ಗುಡ್ಡೆಯ ಕೆಳಗಿನ ಕೆಸರಲ್ಲಿ ಆಮ್ಲಜನಕ ಕಡಿಮೆಯಾಗಿತ್ತು. ಬ್ಯಾಕ್ಟೀರಿಯಾ ಆಗಲೇ ಕೆಲಸಕ್ಕೆ ಹತ್ತಿದ್ದವು. ಅಲ್ಲಿನ ನೀರು ಸೊನ್ನೆ ಡಿಗ್ರಿ ಆಸುಪಾಸು, ಮೇಲೆ ಹಿಮ. ಫ್ರಿಜ್ ಅಂದಿರಲ್ಲ, ಅದರ ಬಾಗಿಲು ತೆರೆದು ಯಾರೋ ತಿನ್ನುತ್ತಾ ಕೂತಿದ್ದರು.

ಈಗ ಕೆಸರಿನ ಒಳಗೆ ಹೋಗೋಣ. ಇದನ್ನು ನಾನು ಯಾವಾಗಲೂ ಲಗ್ನದ ಊಟದ ಪಂಕ್ತಿ ಅಂತ ಹೇಳುತ್ತೇನೆ. ಮೊದಲ ಪಂಕ್ತಿಗೆ ಹೋಳಿಗೆ, ತುಪ್ಪ. ಎರಡನೆಯದಕ್ಕೆ ಹೋಳಿಗೆ ಇದೆ, ತುಪ್ಪ ಮುಗಿದಿದೆ. ಕೊನೆಯ ಪಂಕ್ತಿಗೆ ಅನ್ನ ಸಾರು. ಹೋಲಿಕೆ ಪೂರ್ತಿ ಸರಿಯಲ್ಲ. ಕೆಸರಲ್ಲಿ ಎಲ್ಲರ ಎಲೆಗೆ ಬೀಳುವ ಊಟ ಹೆಚ್ಚುಕಮ್ಮಿ ಒಂದೇ, ಉಸಿರಾಡಲು ಬಳಸುವ ಸರಕು ಮಾತ್ರ ಬೇರೆ ಬೇರೆ. ನಾವು ತಿಂದದ್ದನ್ನು ಕರಗಿಸಲು ಆಮ್ಲಜನಕ ಎಳೆದುಕೊಳ್ಳುತ್ತೇವೆ. ಅದು ಇಲ್ಲದಿದ್ದರೆ ಸಾಯುತ್ತೇವೆ. ಬ್ಯಾಕ್ಟೀರಿಯಾಗಳಲ್ಲಿ ಕೆಲವಕ್ಕೆ ಆ ಹಟ ಇಲ್ಲ.

ಮೇಲಿನ ಪದರದಲ್ಲಿ ಆಮ್ಲಜನಕ ಇರುತ್ತದೆ. ಊಟ ಜಾಸ್ತಿ ಬೀಳುವ ಅಂಚಿನ ಸಮುದ್ರದಲ್ಲಿ ಇದು ಕೆಲವು ಮಿಲಿಮೀಟರ್, ಹೆಚ್ಚೆಂದರೆ ಕೆಲವು ಸೆಂಟಿಮೀಟರ್. ಅದು ಖಾಲಿಯಾದ ಕೆಳಗೆ ನೈಟ್ರೇಟ್ ಬಳಸುವವರು. ಆಮೇಲೆ ಮ್ಯಾಂಗನೀಸ್, ಕಬ್ಬಿಣದ ತುಕ್ಕು. ಆಮೇಲೆ ಸಲ್ಫೇಟ್, ಅಂದರೆ ಸಮುದ್ರದ ನೀರಲ್ಲಿ ಕರಗಿರುವ ಗಂಧಕದ ಲವಣ. ಏನೂ ಉಳಿಯದ ಕೊನೆಯಲ್ಲಿ ಮೀಥೇನ್ ಮಾಡುವವರು, ನಿಮ್ಮ ಮನೆ ಹಿಂದಿನ ಗೋಬರ್ ಗ್ಯಾಸ್ ಗುಂಡಿಯಲ್ಲಿ ಇರುವಂಥವರೇ. ಅಲ್ಲಿ ಹುಟ್ಟಿದ ಮೀಥೇನ್ ಮೇಲಕ್ಕೆ ಬರುತ್ತಾ ಸಲ್ಫೇಟ್ ಪದರ ಮುಟ್ಟಿದಾಗ ಅದನ್ನೂ ತಿನ್ನುವ ಇನ್ನೊಂದು ಗುಂಪಿದೆ. ಬಹುಪಾಲು ಅಲ್ಲೇ ಮುಗಿಯುತ್ತದೆ.

ಇದರಲ್ಲಿ ನೈಟ್ರೇಟ್ ಮಾತು ಯಾದಗಿರಿ ಕಡೆಯವರಿಗೆ ಹೇಳಬೇಕಾದ್ದಿಲ್ಲ. ಶಹಾಪುರ, ಸುರಪುರದ ಕಾಲುವೆ ನೀರಿನ ಭತ್ತದ ಗದ್ದೆಯಲ್ಲಿ ನಿಂತ ನೀರಿಗೆ ಯೂರಿಯಾ ಎರಚಿದರೆ ಪೂರ್ತಿ ಬೆಳೆಗೆ ಸಿಗುವುದಿಲ್ಲ. ಒಂದಷ್ಟು ಅಮೋನಿಯಾ ಆಗಿ ನೇರ ಗಾಳಿಗೆ ಹೋಗುತ್ತದೆ. ಇನ್ನೊಂದಷ್ಟು ಕೆಸರಿನ ಮೇಲ್ಪದರದಲ್ಲಿ ನೈಟ್ರೇಟ್ ಆಗಿ, ಕೆಳಕ್ಕೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾ ಉಸಿರಾಡಿ ಸಾರಜನಕದ ಗಾಳಿಯಾಗಿ ಹಾರಿಹೋಗುತ್ತದೆ. ಅದಕ್ಕೇ ಕೃಷಿ ವಿಜ್ಞಾನಿಗಳು ಯೂರಿಯಾ ಗುಳಿಗೆಯನ್ನು ಕೆಸರಿನ ಒಳಗೆ ಒತ್ತಿ ಅನ್ನುತ್ತಾರೆ. ನಮ್ಮ ತೊಗರಿ ಬೇರಿನ ಗಂಟಿನಲ್ಲಿ ಇರುವ ಬ್ಯಾಕ್ಟೀರಿಯಾ ಗಾಳಿಯಿಂದ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತದೆ. ಗದ್ದೆ ಕೆಸರಿನ ಈ ಬ್ಯಾಕ್ಟೀರಿಯಾ ಗೊಬ್ಬರವನ್ನು ಗಾಳಿಗೆ ಬಿಟ್ಟುಕೊಡುತ್ತದೆ. ಒಬ್ಬ ಗಳಿಸುವವ, ಒಬ್ಬ ಕಳೆಯುವವ.

ಚುಕ್ಚಿ, ಅದರ ದಕ್ಷಿಣದ ಬೇರಿಂಗ್ ಸಮುದ್ರದ ತಳದಲ್ಲೂ ಆಗುವುದು ಇದೇ. ಪೆಸಿಫಿಕ್ ನೀರು ಬೇರಿಂಗ್ ಜಲಸಂಧಿ ದಾಟಿ ಆರ್ಕ್ಟಿಕ್‌ಗೆ ಹೋಗುವ ದಾರಿಯಲ್ಲಿ ಈ ಆಳವಿಲ್ಲದ ಕೆಸರಿನ ಮೇಲೆ ಹಾಯುತ್ತದೆ. ಪಾಚಿಯ ಮೈಗೆ ಸಾಮಾನ್ಯವಾಗಿ ರಂಜಕದ 1 ಪರಮಾಣುವಿಗೆ ಸಾರಜನಕದ 16 ಪರಮಾಣು ಬೇಕು. ಅಮೆರಿಕದ ಸಮುದ್ರ ವಿಜ್ಞಾನಿ ಆಲ್ಫ್ರೆಡ್ ರೆಡ್‌ಫೀಲ್ಡ್ 1934ರಲ್ಲಿ ಈ ಬಗೆಯ ಲೆಕ್ಕ ಶುರು ಮಾಡಿದ್ದರಿಂದ ಅವರ ಹೆಸರೇ ಅದಕ್ಕಿದೆ. ಕೆಸರು ಸಾರಜನಕ ಕಳೆದುಬಿಡುವುದರಿಂದ ಮುಂದೆ ಹೋಗುವ ನೀರಲ್ಲಿ ರಂಜಕ ಉಳಿದು ಸಾರಜನಕ ಕಡಿಮೆ ಬೀಳುತ್ತದೆ. ಡಿಎಪಿ ಇದೆ, ಯೂರಿಯಾ ಇಲ್ಲ ಎನ್ನುವ ಹೊಲದ ಹಾಗೆ. ಆರ್ಕ್ಟಿಕ್‌ನ ಬಹಳ ಕಡೆ ಬೇಸಿಗೆಯ ಬೆಳೆಗೆ ಅಡ್ಡಬರುವುದು ಈ ಸಾರಜನಕದ ಕೊರತೆಯೇ. ಬೆಳಕಿದೆ, ನೀರಿದೆ, ಗೊಬ್ಬರ ಇಲ್ಲ.

ಸಲ್ಫೇಟ್‌ಗೆ ಬರೋಣ. ನನಗೆ ಇದು ಇಷ್ಟದ ಪದರ, ವಾಸನೆ ಕೆಟ್ಟದಾದರೂ. ಧ್ರುವದ ತಣ್ಣನೆಯ ಸಮುದ್ರದ ಒಂದು ಲೀಟರ್ ನೀರಲ್ಲಿ ಕರಗಿದ ಆಮ್ಲಜನಕ ಹತ್ತು-ಹನ್ನೆರಡು ಮಿಲಿಗ್ರಾಂ. ಸಲ್ಫೇಟ್ ಎಷ್ಟು? ಸುಮಾರು 2.7 ಗ್ರಾಂ. ಆಮ್ಲಜನಕ ಕಿಸೆಯ ಚಿಲ್ಲರೆ, ಸಲ್ಫೇಟ್ ಬ್ಯಾಂಕಿನಲ್ಲಿಟ್ಟ ಗಂಟು. ಅದಕ್ಕೇ ಅಂಚಿನ ಸಮುದ್ರಗಳ ಕೆಸರಲ್ಲಿ ಕೊಳೆಯುವ ಕೆಲಸದ ದೊಡ್ಡ ಪಾಲು, ಕೆಲವೆಡೆ ಅರ್ಧದಷ್ಟು, ಸಲ್ಫೇಟ್ ಬಳಸುವವರದ್ದು. ಅವರು ಬಿಡುವ ಗಾಳಿ ಕೊಳೆತ ಮೊಟ್ಟೆಯ ವಾಸನೆಯದ್ದು. ಅದು ಕಬ್ಬಿಣ ಕಂಡರೆ ಹಿಡಿದುಕೊಂಡು ಕಪ್ಪಾಗುತ್ತದೆ. ಎಂಥ ಕಪ್ಪು ಅಂದರೆ ಬಿದರಿ ಹೂಜಿಯ ಕಪ್ಪು. ಬೀದರ್‌ನ ಕುಶಲಕರ್ಮಿಗಳು ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚಿದಾಗ ಸತುವು-ತಾಮ್ರದ ಮೈ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುತ್ತದಲ್ಲ. ಅಲ್ಲಿನ ರಸಾಯನ ಬೇರೆ, ಬಣ್ಣಕ್ಕಷ್ಟೇ ಹೇಳಿದೆ.

ಇಲ್ಲಿ ನನ್ನದೇ ಒಂದು ಪೆದ್ದು ಕೆಲಸ ಹೇಳಿಬಿಡುತ್ತೇನೆ. ಸ್ವಾಲ್ಬಾರ್ಡ್‌ನಲ್ಲಿ ಸಣ್ಣ ದೋಣಿಯಿಂದ ಕೆಸರು ತೆಗೆಯುತ್ತಿದ್ದೆವು. ಪಾರದರ್ಶಕ ಕೊಳವೆಯನ್ನು ತಳಕ್ಕೆ ಇಳಿಸಿ, ಕೆಸರಿನ ಒಂದು ಕಂಬವನ್ನೇ ನಿಂತ ಹಾಗೇ ಎತ್ತಬೇಕು. ಮೊದಲ ಕೊಳವೆ ಮೇಲೆ ಬಂತು. ಕೈ ಮರಗಟ್ಟಿತ್ತು. ಖುಷಿಯಲ್ಲಿ ಅದನ್ನು ಮಗುವಿನ ಹಾಗೆ ಎದೆಗೆ ಅಪ್ಪಿ ಓರೆ ಮಾಡಿದೆ. ಮೇಲಿನ ಅರ್ಧ ಸೆಂಟಿಮೀಟರ್ ಕಲಕಿಹೋಯಿತು. ನಮ್ಮ ಹಿರಿಯರು ಒಂದು ಸಲ ನೋಡಿದರು, "ಚೆಲ್ಲು" ಅಂದರು. ಅಷ್ಟೇ. ಉಳಿದ ಮೂವತ್ತು ಸೆಂಟಿಮೀಟರ್ ಚೆನ್ನಾಗೇ ಇತ್ತು. ಆದರೆ ಆಮ್ಲಜನಕ, ನೈಟ್ರೇಟ್, ಹೊಸ ಊಟ ಎಲ್ಲ ಇದ್ದದ್ದು ಆ ಅರ್ಧ ಸೆಂಟಿಮೀಟರಿನಲ್ಲಿ. ಅಪ್ಪ ಫರಸಿ ಎಬ್ಬಿಸುವಾಗ ಮೇಲಿನ ಪದರ ಒಡೆದರೆ ಯಾಕೆ ಅಷ್ಟು ಬೈಯುತ್ತಿದ್ದರು ಅಂತ ಆವತ್ತು ತಿಳಿಯಿತು.

ಸರಿಯಾಗಿ ಬಂದ ಕೊಳವೆಯನ್ನು ತಣ್ಣನೆಯ ಕೋಣೆಯಲ್ಲಿ ಬಿಲ್ಲೆ ಬಿಲ್ಲೆಯಾಗಿ ಕತ್ತರಿಸುತ್ತೇವೆ. ಕಣಗಳ ನಡುವಿನ ನೀರು ತೆಗೆಯಲು ಕೊಳವೆಯ ಗೋಡೆಯಲ್ಲಿ ಸಣ್ಣ ತೂತು ಮಾಡಿ, ರೈಜಾನ್ ಎಂಬ ಬಿಳಿ ಕಡ್ಡಿಯಂಥ ಸೋಸುಕ ಚುಚ್ಚುತ್ತೇವೆ. ಅದನ್ನು ಮೊದಲು ಮಾಡಿದ್ದು ಹೊಲದ ಮಣ್ಣಿನ ನೀರು ತೆಗೆಯುವುದಕ್ಕೆ! ಒಂದೊಂದು ಪದರದ ನೀರಲ್ಲಿ ಎಷ್ಟು ಅಮೋನಿಯಾ, ಎಷ್ಟು ರಂಜಕ, ಎಷ್ಟು ಸಿಲಿಕಾ ಅಂತ ಅಳೆದರೆ ಕೆಳಗೆ ಎಷ್ಟು ಕೊಳೆಯುತ್ತಿದೆ, ಮೇಲಕ್ಕೆ ಎಷ್ಟು ವಾಪಸ್ ಬರುತ್ತಿದೆ ಅಂತ ಲೆಕ್ಕ ಹಾಕಬಹುದು.

ಈಗ ಥಂಡಿಯ ಪ್ರಶ್ನೆಗೆ ಉತ್ತರ. ಸ್ವಾಲ್ಬಾರ್ಡ್ ಕೆಸರಲ್ಲಿ ಸಲ್ಫೇಟ್ ಬಳಸುವವರ ವೇಗವನ್ನು 1990ರ ದಶಕದಲ್ಲೇ ಅಳೆದಿದ್ದಾರೆ. ಬೆಚ್ಚಗಿನ ಯೂರೋಪ್ ಕರಾವಳಿಯ ಕೆಸರಿನ ವೇಗಕ್ಕೆ ಹೋಲುವಂಥ ಸಂಖ್ಯೆಗಳೇ ಬಂದವು. ಸಮುದ್ರದ ನೀರು ಹೆಪ್ಪುಗಟ್ಟುವುದು ಮೈನಸ್ 1.8 ಡಿಗ್ರಿಗೆ. ಅಲ್ಲಿಯವರೆಗೂ ಇವು ಕೆಲಸ ಮಾಡುತ್ತವೆ. ಅವುಗಳ ಕಿಣ್ವ, ಅವುಗಳ ಮೈಯ ಪೊರೆ ಆ ಥಂಡಿಗೇ ಹೊಂದಿಕೊಂಡಿವೆ. ಇನ್ನೂ ಬೆಚ್ಚಗಾದರೆ ವೇಗ ಹೆಚ್ಚುತ್ತದೆ, ನಿಜ. ಆದರೆ ಅವುಗಳನ್ನು ತಡೆಯುವುದು ಮುಖ್ಯವಾಗಿ ಊಟದ ಕೊರತೆ. ನಮ್ಮ ಫ್ರಿಜ್‌ನಲ್ಲಿ ಸಾರು ಉಳಿಯುವುದು ಯಾಕೆ? ಅದರಲ್ಲಿ ಇರುವ ಬ್ಯಾಕ್ಟೀರಿಯಾ ಕಲಬುರಗಿಯವು. ಅವಕ್ಕೆ ಥಂಡಿ ಗೊತ್ತಿಲ್ಲ.

ಇದಕ್ಕೆ ಬಾಲದಂತೆ ಒಂದು ಸ್ವಾರಸ್ಯ ಇದೆ. ಅದೇ ಸ್ವಾಲ್ಬಾರ್ಡ್ ಕೆಸರನ್ನು ಲ್ಯಾಬ್‌ನಲ್ಲಿ 50 ಡಿಗ್ರಿಗೆ ಕಾಯಿಸಿದರು. ಎಲ್ಲ ಸಾಯಬೇಕಿತ್ತು ಅಲ್ವಾ? ಬಿಸಿಯಲ್ಲೇ ಬದುಕುವ ಬೇರೆ ಬ್ಯಾಕ್ಟೀರಿಯಾ ಎದ್ದು ಕೆಲಸ ಶುರು ಮಾಡಿದವು! 2009ರಲ್ಲಿ ಇದು ಪ್ರಕಟವಾಯಿತು. ಸಮುದ್ರದ ತಳದ ಕೆಳಗೆ, ತೈಲದ ಪದರಗಳಂಥ ಬಿಸಿ ಜಾಗಗಳಿಂದ ಎಲ್ಲೋ ಹೊರಬಂದು, ಬೀಜದಂಥ ಕವಚ ಹೊದ್ದು, ಎಂದೂ ಬಿಸಿ ಕಾಣದ ಕೆಸರಲ್ಲಿ ಸುಮ್ನೆ ಬಿದ್ದಿದ್ದವು ಎಂಬುದು ಸಂಶೋಧಕರ ಊಹೆ. ನಮ್ಮ ಮೇ ತಿಂಗಳೂ ಅವಕ್ಕೆ ಕಡಿಮೆಯೇ.

ಹಾಗಾದರೆ ಏನು ಉಳಿಯುತ್ತದೆ? ಜಗತ್ತಿನ ಸಮುದ್ರಗಳ ಪಾಚಿ ವರ್ಷಕ್ಕೆ ಸುಮಾರು 5000 ಕೋಟಿ ಟನ್ ಇಂಗಾಲ ಹಿಡಿಯುತ್ತದೆ. ತಳದಲ್ಲಿ ಹೂತು ಉಳಿಯುವುದು ಅದರಲ್ಲಿ ಶೇಕಡ ಒಂದಕ್ಕಿಂತ ಕಡಿಮೆ. ನೂರು ರೂಪಾಯಿ ದುಡಿದವನ ಕೈಯಲ್ಲಿ ರಾತ್ರಿ ನಾಲ್ಕಾಣೆ, ಎಂಟಾಣೆ. ಅದರ ಬಹುಪಾಲೂ ಖಂಡಗಳ ಅಂಚಿನ ಸಮುದ್ರಗಳಲ್ಲೇ.

ಉಳಿಸುವವರಲ್ಲಿ ಒಬ್ಬ ಕಬ್ಬಿಣದ ತುಕ್ಕು. ಬೀದರ್ ಕೋಟೆಯ ಕೆಂಪು ಗೋಡೆ ನೋಡಿದ್ದೀರಲ್ಲ, ಜಂಬಿಟ್ಟಿಗೆ ಕಲ್ಲು. ಆ ಕೆಂಪೇ ತುಕ್ಕು. ಸಮುದ್ರದ ಕೆಸರಲ್ಲೂ ಈ ತುಕ್ಕಿನ ಸಣ್ಣ ಕಣಗಳು ಇರುತ್ತವೆ. ಕೊಳೆಯಬೇಕಾದ ಇಂಗಾಲ ಅದಕ್ಕೆ ಅಂಟಿಕೊಂಡರೆ ಬ್ಯಾಕ್ಟೀರಿಯಾದ ಬಾಯಿಗೆ ಸುಲಭಕ್ಕೆ ಸಿಗುವುದಿಲ್ಲ. 2012ರ ಒಂದು ಅಧ್ಯಯನದ ಪ್ರಕಾರ ಸಮುದ್ರದ ಕೆಸರಿನ ಸಾವಯವ ಇಂಗಾಲದಲ್ಲಿ ಸುಮಾರು ಐದನೇ ಒಂದು ಪಾಲು ಹೀಗೆ ಕಬ್ಬಿಣಕ್ಕೆ ಅಂಟಿದೆ. ಬ್ಯಾರೆಂಟ್ಸ್ ಸಮುದ್ರದಲ್ಲಿ ಆಮೇಲೆ ಅಳೆದಾಗ ಶೇಕಡ ಹತ್ತರಿಂದ ಇಪ್ಪತ್ತು ಸಿಕ್ಕಿತು. ರಂಜಕವೂ ಇದೇ ತುಕ್ಕಿಗೆ ಅಂಟುತ್ತದೆ. ಕೆಂಪು ಮಣ್ಣಿನ ಹೊಲದವರಿಗೆ ಇದು ಗೊತ್ತು, ಹಾಕಿದ ಡಿಎಪಿ ಮಣ್ಣಲ್ಲೇ ಕಟ್ಟಿಕೊಂಡು ಕೂರುತ್ತದೆ. ಎರೆ ಹೊಲದಲ್ಲಿ ಆ ಕೆಲಸ ಸುಣ್ಣದ್ದು. ಸಮುದ್ರದ ಕೆಸರಲ್ಲಿ ಆಮ್ಲಜನಕ ಮುಗಿದು ತುಕ್ಕು ಕರಗಿದರೆ ಕಟ್ಟಿಕೊಂಡಿದ್ದ ರಂಜಕ ಬಿಡುಗಡೆಯಾಗಿ ನೀರಿಗೆ ಬರುತ್ತದೆ. ಬೀಗ ಹಾಕುವವನೂ ತೆರೆಯುವವನೂ ಒಬ್ಬನೇ.

ಇನ್ನೊಂದು, ಬೇಗ ಹೂತುಹೋಗುವುದು. ನಡು ಸಮುದ್ರದಲ್ಲಿ ಸಾವಿರ ವರ್ಷಕ್ಕೆ ಕೆಲವು ಮಿಲಿಮೀಟರ್ ಮಣ್ಣು ಬಿದ್ದರೆ ಹೆಚ್ಚು. ಸ್ವಾಲ್ಬಾರ್ಡ್‌ನ ಕಾಂಗ್ಸ್‌ಫ್ಯೋರ್ಡ್ ಎಂಬ ಕೊಲ್ಲಿಯಲ್ಲಿ, ಹಿಮನದಿಯ ಬಾಯಿಯ ಹತ್ತಿರ, ವರ್ಷಕ್ಕೆ ಸೆಂಟಿಮೀಟರ್‌ಗಟ್ಟಲೆ ಬೀಳುತ್ತದೆ. ಬೇಸಿಗೆಯಲ್ಲಿ ಅಲ್ಲಿನ ನೀರು ಕೆಂಪುಕಂದು. ನಾನು ಮೊದಲ ಸಲ ನೋಡಿದಾಗ ಮಳೆಗಾಲದ ಕಾಗಿಣಾ ನದಿ ನೆನಪಾಯಿತು. ಅಷ್ಟು ಮಣ್ಣು ಬಿದ್ದರೆ ಇಂಗಾಲ ಬೇಗ ಮುಚ್ಚಿಹೋಗುತ್ತದೆ. ಆದರೆ ರಾಡಿ ನೀರಿಗೆ ಬೆಳಕು ಇಳಿಯುವುದಿಲ್ಲ, ಪಾಚಿಯೇ ಕಡಿಮೆ. ಹೂಳುವವನಿದ್ದಾನೆ, ಹೂಳಲು ಸರಕಿಲ್ಲ.

ಮತ್ತೆ ಒಂದು ಮೋಸವೂ ಇದೆ. ನೀ-ಓಲೆಸುಂಡ್ ಮೊದಲು ಕಲ್ಲಿದ್ದಲ ಗಣಿಯ ಊರು. 1962ರ ನವೆಂಬರ್‌ನಲ್ಲಿ ಸ್ಫೋಟ ಆಗಿ 21 ಜನ ಸತ್ತರು, ಆಮೇಲೆ ಗಣಿ ಮುಚ್ಚಿತು. ಹಳೆಯ ರೈಲು ಎಂಜಿನ್ ಇನ್ನೂ ಅಲ್ಲಿ ನಿಂತಿದೆ. ಖಣಿಯವನ ಮಗ ನಾನು, ಅದರ ಮುಂದೆ ಸ್ವಲ್ಪ ಹೊತ್ತು ಸುಮ್ನೆ ನಿಂತೆ. ಈಗ ವಿಷಯಕ್ಕೆ ಬಂದರೆ, ಆ ಬೆಟ್ಟಗಳಿಂದ ತೊಳೆದು ಬರುವ ಮಣ್ಣಲ್ಲಿ ಕೋಟ್ಯಂತರ ವರ್ಷ ಹಳೆಯ ಕಲ್ಲಿದ್ದಲ ಪುಡಿಯೂ ಇರುತ್ತದೆ. ಕೆಸರನ್ನು ಸುಟ್ಟು ಅಳೆಯುವ ಯಂತ್ರಕ್ಕೆ ಇದೂ ಇಂಗಾಲವೇ, ಈ ವರ್ಷದ ಪಾಚಿಯೂ ಇಂಗಾಲವೇ. ಒಂದನ್ನು ಇನ್ನೊಂದರಿಂದ ಬೇರೆ ಮಾಡಲು ಇಂಗಾಲ-14 ನೋಡಬೇಕು, ಅದು ಕಾಲ ಕಳೆದಂತೆ ತಾನಾಗಿ ಕಡಿಮೆಯಾಗುವ ಇಂಗಾಲದ ಬಗೆ. ಅದರ ಅರ್ಧಾಯುಷ್ಯ, ಅಂದರೆ ಇದ್ದದ್ದು ಅರ್ಧ ಆಗಲು ಬೇಕಾದ ಕಾಲ, 5730 ವರ್ಷ. ಕಲ್ಲಿದ್ದಲಲ್ಲಿ ಅದು ಎಂದೋ ಮುಗಿದಿದೆ. ಹೀಗೆ ನೋಡದೆ "ಕೊಲ್ಲಿಯ ತಳ ಇಷ್ಟು ಟನ್ ಇಂಗಾಲ ಉಳಿಸುತ್ತಿದೆ" ಅಂದರೆ, ಅಜ್ಜನ ಆಸ್ತಿಯನ್ನು ಮೊಮ್ಮಗನ ಗಳಿಕೆ ಅಂತ ಬರೆದ ಹಾಗೆ.

ದಕ್ಷಿಣದ ಬಗ್ಗೆ ಸ್ವಲ್ಪ. ಅಂಟಾರ್ಕ್ಟಿಕಾ ಸುತ್ತಲಿನ ಸಮುದ್ರದ ತಳದಲ್ಲಿ ಡಯಾಟಮ್‌ಗಳ ಗಾಜಿನ ಚಿಪ್ಪುಗಳೇ ತುಂಬಿದ ಕೆಸರಿನ ದೊಡ್ಡ ಪಟ್ಟಿ ಇದೆ. 1874ರಲ್ಲಿ ಬ್ರಿಟನ್ನಿನ ಚಾಲೆಂಜರ್ ಎಂಬ ಸಂಶೋಧನಾ ಹಡಗು ಅಂಟಾರ್ಕ್ಟಿಕ್ ವೃತ್ತ ದಾಟಿ ಬಂದಾಗಲೇ ಆ ಕಡೆಯ ಕೆಸರು ಎತ್ತಿ ನೋಡಿದ್ದರು. ಅಲ್ಲಿನ ಅಂಚಿನಲ್ಲಿ ಇನ್ನೊಂದು ತೊಂದರೆ ಹಿಮಗುಡ್ಡಗಳದ್ದು. ನೀರಿನಡಿ ನೂರಾರು ಮೀಟರ್ ಇಳಿದ ಅವುಗಳ ತಳ ಕೆಸರನ್ನು ರಂಟೆ ಹೊಡೆದ ಹಾಗೆ ಸೀಳುತ್ತಾ ಹೋಗುತ್ತದೆ. ಹತ್ತಾರು ವರ್ಷ ಬೆಳೆದ ಪ್ರಾಣಿಗಳು ಅಪ್ಪಚ್ಚಿ. ಹೂತಿದ್ದು ಮೇಲೆ ಬಂದು ಮತ್ತೆ ಆಮ್ಲಜನಕ ಕಾಣುತ್ತದೆ. ಬ್ಯಾರೆಂಟ್ಸ್‌ನಲ್ಲಿ ಹಿಮಗುಡ್ಡದ ಬದಲು ಮೀನಿನ ಬಲೆಗಳು ಇದೇ ಕೆಲಸ ಮಾಡುತ್ತವೆ. ಕಾಡ್ ಮೀನಿಗಾಗಿ ತಳಕ್ಕೆ ತಾಗಿಸಿ ಎಳೆಯುವ ಭಾರದ ಬಲೆ.

ಹಿಮ ಕರಗಿದರೆ ಏನಾಗುತ್ತದೆ? 1979ರಿಂದೀಚೆಗೆ ಆರ್ಕ್ಟಿಕ್ ಪ್ರದೇಶ ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಬಿಸಿಯಾಗಿದೆ. ಹಿಮ ಹೋದರೆ ಬೆಳಕು ಜಾಸ್ತಿ, ಪಾಚಿ ಜಾಸ್ತಿ, ಕೆಳಗೆ ಹೂಳುವುದೂ ಜಾಸ್ತಿ, ಒಳ್ಳೆಯದೇ ಆಯಿತಲ್ಲ ಅನ್ನುವವರಿದ್ದಾರೆ. ನನಗೆ ಈ ಲೆಕ್ಕದ ಮೇಲೆ ನಂಬಿಕೆ ಕಡಿಮೆ. ಕರಗಿದ ಸಿಹಿನೀರು ಹಗುರ. ಅದು ಮೇಲೆ ಹಾಸಿಕೊಂಡು ಕೆಳಗಿನ ಗೊಬ್ಬರದ ನೀರು ಮೇಲೆ ಬರದಂತೆ ಮುಚ್ಚಳ ಹಾಕುತ್ತದೆ. ಕೆಸರು ಎಷ್ಟೇ ಸಾರಜನಕ, ರಂಜಕ ವಾಪಸ್ ಕೊಟ್ಟರೂ ಬೆಳಕಿರುವ ಪದರಕ್ಕೆ ಮುಟ್ಟಬೇಕಲ್ಲ. ಇನ್ನು ಮೇಲೆ ಹುಳಹುಪ್ಪಟೆ, ಮೀನು ಜಾಸ್ತಿಯಾದರೆ ಊಟ ಕೆಳಗೆ ಬೀಳುವ ಮೊದಲೇ ಮುಗಿಯಬಹುದು. ಕೆಲವು ಕಡೆ ತಳಕ್ಕೆ ಹೆಚ್ಚು ಸಿಗುತ್ತದೆ, ಕೆಲವು ಕಡೆ ಕಡಿಮೆ. ಇಡೀ ಆರ್ಕ್ಟಿಕ್‌ಗೆ ಒಂದೇ ಉತ್ತರ ಕೊಡುವವರನ್ನು ಕಂಡರೆ ನಾನು ಸ್ವಲ್ಪ ದೂರ ಕೂರುತ್ತೇನೆ.

ಹಿಂದಿನ ಬೆಂಚಿನಿಂದ ಒಬ್ಬರು ಚೀಟಿ ಕಳಿಸಿದ್ದಾರೆ. "ಧ್ರುವದ ಸಮುದ್ರ ಯಾವತ್ತಾದರೂ ನಿಜವಾಗಿಯೂ ಬಹಳ ಇಂಗಾಲ ಹೂತಿದೆಯಾ?" ಹೂತಿದೆ. ನಿಮ್ಮಲ್ಲಿ ಎಮ್ಮೆ ಕಟ್ಟಿದವರು ಟಾರ್ಪಾಲಿನ ತೊಟ್ಟಿಯಲ್ಲಿ ಅಜೋಲಾ ಬೆಳೆಸಿರಬಹುದು. ಗಾಳಿಯ ಸಾರಜನಕ ಹಿಡಿಯುವ ಜೀವಿಯನ್ನು ಎಲೆಯಲ್ಲೇ ಇಟ್ಟುಕೊಂಡ ಸಣ್ಣ ಜರೀಗಿಡ ಅದು. 2004ರಲ್ಲಿ ಉತ್ತರ ಧ್ರುವಕ್ಕೆ ಸುಮಾರು 250 ಕಿಲೋಮೀಟರ್ ದೂರದಲ್ಲಿ, ಲೊಮೊನೊಸೊವ್ ದಿಣ್ಣೆಯ ಮೇಲೆ ಸಮುದ್ರದ ತಳ ಕೊರೆದರು. ಅಲ್ಲಿ ಸುಮಾರು 4.9 ಕೋಟಿ ವರ್ಷ ಹಳೆಯ ಪದರದ ತುಂಬ ಅಜೋಲಾ! ಆಗ ಆರ್ಕ್ಟಿಕ್ ಬೆಚ್ಚಗಿತ್ತು, ಬಹುಪಾಲು ಮುಚ್ಚಿದ ಸಮುದ್ರ, ಮೇಲೆ ಸಿಹಿನೀರಿನ ಪದರ. ಆ ನೀರಿನ ಮೇಲೆ ಅಜೋಲಾ ಹಾಸು. ತಳದಲ್ಲಿ ಆಮ್ಲಜನಕ ಕಡಿಮೆ ಇದ್ದುದರಿಂದ ಬಿದ್ದದ್ದು ಕೊಳೆಯದೆ ಉಳಿಯಿತು. ಸುಮಾರು ಎಂಟು ಲಕ್ಷ ವರ್ಷ ಹೀಗೇ ನಡೆಯಿತು. ಗಮನಿಸಿ, ಆರ್ಕ್ಟಿಕ್ ಅಷ್ಟು ಇಂಗಾಲ ಹೂತದ್ದು ಬೆಚ್ಚಗಿದ್ದ ಕಾಲದಲ್ಲಿ.

ಕೊನೆಗೆ ವಿದ್ಯಾರ್ಥಿಗಳಿಗೆ ಒಂದು ಕೆಲಸ. ಸ್ವಾಲ್ಬಾರ್ಡ್‌ಗೆ ಹೋಗಬೇಕಿಲ್ಲ, ಕಲಬುರಗಿಯ ಅಪ್ಪನ ಕೆರೆಯ ದಂಡೆ ಸಾಕು. ಒಂದು ಪಾರದರ್ಶಕ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಕೆರೆಯ ಕೆಸರಿಗೆ ಹರಿದ ಪೇಪರ್, ಒಂದು ಮೊಟ್ಟೆಯ ಹಳದಿ ಬೆರೆಸಿ. ಸಿಹಿನೀರಿನ ಕೆಸರಲ್ಲಿ ಸಲ್ಫೇಟ್ ಕಡಿಮೆ, ಅದಕ್ಕೆ ಗೊಬ್ಬರದ ಅಂಗಡಿಯ ಜಿಪ್ಸಂ ಒಂದು ಚಮಚ. ಸುಣ್ಣಕ್ಕೆ ಶಹಾಬಾದಿ ಫರಸಿಯ ಪುಡಿ. ಬಾಟಲಿಯ ಮುಕ್ಕಾಲು ಭಾಗ ತುಂಬಿ, ಮೇಲೆ ಎರಡು ಬೆರಳು ಕೆರೆ ನೀರು ಬಿಡಿ. ನೇರ ಬಿಸಿಲು ಬೀಳದ ಕಿಟಕಿಯಲ್ಲಿ ಇಡಿ. ಸೆರ್ಗೈ ವಿನೊಗ್ರಾಡ್ಸ್ಕಿ ಎಂಬ ರಷ್ಯನ್ ವಿಜ್ಞಾನಿ 1880ರ ದಶಕದಲ್ಲಿ ತೋರಿಸಿಕೊಟ್ಟ ಉಪಾಯ ಇದು. ಕೆಲವು ವಾರದಲ್ಲಿ ತಳ ಕಪ್ಪಾಗುತ್ತದೆ. ಆಮೇಲೆ ಬಾಟಲಿಗೆ ಅಂಟಿದಂತೆ ಹಸಿರು, ನೇರಳೆ ಮಚ್ಚೆಗಳು ಏಳುತ್ತವೆ. ನಾನು ಇಷ್ಟು ಹೊತ್ತು ಹೇಳಿದ ಪಂಕ್ತಿಯೇ ನಿಮ್ಮ ಎದುರು ಕೂರುತ್ತದೆ.

ಮುಚ್ಚಳ ಮಾತ್ರ ಬಿಗಿ ಮಾಡಬೇಡಿ. ನಾನು ಒಂದು ಸಲ ಬಿಗಿ ಮಾಡಿ ಅಡುಗೆಮನೆ ಕಿಟಕಿಯಲ್ಲಿ ಇಟ್ಟಿದ್ದೆ. ಮಧ್ಯಾಹ್ನ ಮುಚ್ಚಳ ಹಾರಿ ಸುಣ್ಣ ಹೊಡೆದ ಗೋಡೆಯ ತುಂಬ ಕಪ್ಪು ಕೆಸರು, ಮನೆಯ ತುಂಬ ಕೊಳೆತ ಮೊಟ್ಟೆಯ ವಾಸನೆ. ಮನೆಯವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಒರೆಸಲು ಹೋದರೆ ಗೋಡೆ ಮೇಲಿನ ಕಪ್ಪು ಕಲೆ, ಗಾಳಿ ತಾಗಿ, ಬೀದರ್ ಮಣ್ಣಿನ ಹಾಗೆ ಕೆಂಪಾಗಿತ್ತು.